ಒಳಗಿನ ಚಳಿ

ಪೋರ್ಚುಗಲ್ಲಿನ ಒಳನಾಡ ಹಳ್ಳಿಯಲ್ಲಿ ಜನವರಿಯ ಮಧ್ಯಾಹ್ನ ಯಾರಾದರೂ ಸ್ವೆಟರು, ಟೋಪಿ, ಮಫ್ಲರು ಏರಿಸಿಕೊಳ್ಳುತ್ತಿದ್ದರೆ, ಅವರು ಬೀದಿಯಿಂದ ಮನೆಯೊಳಕ್ಕೆ ಹೊರಟಿದ್ದಾರೆ ಎಂದು ತಿಳಿಯಬೇಕು. ಹೊರಗೆ 13 ಡಿಗ್ರಿ, ಹಿತವಾದ ಬಿಸಿಲು, ಕಿತ್ತಳೆ ಗಿಡದ ತುಂಬ ಹಣ್ಣು. ಒಳಗೆ 9. ನಮ್ಮ ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲಿ ಮುನಿಸಿಕೊಳ್ಳುವ ಹಾಗೆ ಅಡುಗೆಮನೆಯ ಆಲಿವ್ ಎಣ್ಣೆಯೂ ಸೀಸೆಯ ತಳದಲ್ಲಿ ಮಬ್ಬಾಗಿ ಕೂತಿರುತ್ತದೆ.

ತಪ್ಪು ಮನೆಯದಲ್ಲ, ನೋಡಿದ ಕಾಲದ್ದು. ಬ್ರಿಟನ್ನು, ಹಾಲೆಂಡು, ಜರ್ಮನಿಗಳಿಂದ ಬಂದು ಮಧ್ಯ ಪೋರ್ಚುಗಲ್ಲಿನ ಬೈರಾ ಸೀಮೆಯಲ್ಲಿ ಹಳೇ ಕಲ್ಲುಮನೆ ಕೊಳ್ಳುವವರು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ ಬರುತ್ತಾರೆ. ಹೊರಗೆ 38 ಡಿಗ್ರಿ ಉರಿ. ಹೊಸ್ತಿಲು ದಾಟಿದರೆ ಗರ್ಭಗುಡಿಯ ತಂಪು. ಎರಡಡಿ ದಪ್ಪದ ಗ್ರಾನೈಟ್ ಗೋಡೆಯನ್ನು ಪ್ರೀತಿಯಿಂದ ತಟ್ಟಿ ಮುಂಗಡ ಕೊಡುತ್ತಾರೆ. ಹೆಂಚಿನ ಕೆಳಗೆ ಬರೀ ಹಲಗೆ, ಕಿಟಕಿಗೆ ಒಂಟಿ ಗಾಜು, ನೆಲದಡಿ ತೇವ ತಡೆಯುವ ಪದರವೇ ಇಲ್ಲ ಎನ್ನುವುದು ಆಗ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಬಿಸಿಲನ್ನು ಹೊರಗೇ ನಿಲ್ಲಿಸಿದ ಆ ಗೋಡೆ, ನವೆಂಬರಿನಿಂದ ಅದೇ ನಿಯತ್ತಿನಿಂದ ಚಳಿಯನ್ನು ಒಳಗೆ ಕಾಪಾಡುತ್ತದೆ.

ಮೊದಲ ಚಳಿಗಾಲಕ್ಕೆ ಎಲ್ಲರೂ ಕರೆಂಟಿನ ಹೀಟರು ತರುತ್ತಾರೆ. ಎಷ್ಟೋ ಹಳ್ಳಿಮನೆಗಳ ಲೋಡು 3.45 ಕೆವಿಎ, ಅಂದರೆ 230 ವೋಲ್ಟಿಗೆ 15 ಆಂಪಿಯರು, ಒಟ್ಟಿಗೆ ಸುಮಾರು 3450 ವಾಟು ಮಾತ್ರ. 2000 ವಾಟಿನ ಹೀಟರು ಉರಿಯುತ್ತಿರುವಾಗ ಅಷ್ಟೇ ವಾಟಿನ ಕೆಟಲು ಹಾಕಿದರೆ ಮನೆಯೆಲ್ಲ ಕತ್ತಲೆ. ಚಹಾ ಬೇಕೋ, ಕಾಲು ಬೆಚ್ಚಗಿರಬೇಕೋ, ಒಂದನ್ನು ಆರಿಸಿಕೊಳ್ಳಬೇಕು. ಲೋಡು ಏರಿಸಿಕೊಳ್ಳಬಹುದು, ದಿನದ ಲೆಕ್ಕದ ನಿಗದಿ ಶುಲ್ಕವೂ ಜೊತೆಗೇ ಏರುತ್ತದೆ.

ಎರಡನೆಯ ಮೋಹ, ಹೊಟ್ಟೆಯೊಳಗೆ ಸಿಲಿಂಡರು ಇಟ್ಟುಕೊಂಡು ಗಾಲಿಯ ಮೇಲೆ ಓಡಾಡುವ ಗ್ಯಾಸ್ ಹೀಟರು. ಹೊತ್ತಿಸಿದ ಐದು ನಿಮಿಷಕ್ಕೆ ಸ್ವರ್ಗ. ಆದರೆ ಇದಕ್ಕೆ ಹೊಗೆಕೊಳವೆ ಇಲ್ಲ. ಉರಿದದ್ದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಒಂದು ಕಿಲೋ ಬ್ಯೂಟೇನು ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ. ಅಲ್ಲಿನ 13 ಕಿಲೋ ಸಿಲಿಂಡರು ಒಂದು ಮುಗಿಯುವಷ್ಟರಲ್ಲಿ ಸುಮಾರು 20 ಲೀಟರು ನೀರನ್ನು ನಾವೇ ಕೋಣೆಗೆ ಚಿಮುಕಿಸಿದಂತೆ! ಅದು ತಣ್ಣನೆ ಗೋಡೆಗೆ ತಾಗಿ ಇಳಿಯುತ್ತದೆ. ಫೆಬ್ರುವರಿಯಲ್ಲಿ ಬೀರು ಸರಿಸಿದರೆ ಹಿಂದೆ ಕಪ್ಪು ಬೂಷ್ಟು. ಆಗ ಗೋಡೆಗೆ ಪ್ಲಾಸ್ಟಿಕ್ ಪೇಂಟು ಬಳಿಸಿದರೆ ಮುಗಿಯಿತು, ಒಳಗಿನ ತೇವಕ್ಕೆ ಹೊರಬರುವ ದಾರಿಯೂ ಮುಚ್ಚಿ, ಬಣ್ಣ ಹಪ್ಪಳದಂತೆ ಏಳುತ್ತದೆ. ಹಳೇ ಕಲ್ಲುಗೋಡೆಗೆ ಸುಣ್ಣವೇ ಸರಿ. ಇದಲ್ಲದೆ ಹೊಗೆಕೊಳವೆಯಿಲ್ಲದ ಉರಿಯಿದ್ದ ಕೋಣೆಯ ಕಿಟಕಿಯನ್ನು ಸ್ವಲ್ಪ ತೆರೆದೇ ಇಟ್ಟಿರಬೇಕು; ಪ್ರಾಣ ತೆಗೆಯುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಕಡೆಗೆ ಎಲ್ಲರೂ ಬಂದು ನಿಲ್ಲುವುದು ಸೌದೆಯ ಮುಂದೆ. ಎರಕದ ಕಬ್ಬಿಣದ ಒಲೆಗೆ ಅಲ್ಲಿ 'ಸಲಮಾಂದ್ರ' ಎನ್ನುತ್ತಾರೆ. ಬೆಂಕಿಯಲ್ಲಿ ಬಾಳುತ್ತದೆಂದು ಹಿಂದಿನವರು ನಂಬಿದ್ದ ಹಲ್ಲಿಯಂಥ ಪ್ರಾಣಿಯ ಹೆಸರು ಅದು. ಒಲೆಗೆ ತಕ್ಕ ಹೆಸರೇ, ಆದರೆ ಅದರ ಊಟದ ವಿಷಯದಲ್ಲಿ ಬಹಳ ನಾಜೂಕು.

ಸೌದೆಯನ್ನು ಹೆಚ್ಚಾಗಿ ಟನ್ ಲೆಕ್ಕದಲ್ಲಿ ಮಾರುತ್ತಾರೆ. ಮೋಸ ಹೋಗುವುದು ಇಲ್ಲೇ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರು ಇರಬಹುದು. ನೀರಿಗೆ ಸೌದೆಯ ದರ ಕೊಟ್ಟು, ಆಮೇಲೆ ಆ ನೀರನ್ನು ಒಲೆಯಲ್ಲಿ ಕಾಯಿಸಿ ಆವಿ ಮಾಡಲು ಉಳಿದ ಸೌದೆಯನ್ನೂ ಸುಡಬೇಕು. 20 ಶೇಕಡಾಕ್ಕಿಂತ ಕಡಿಮೆ ತೇವವಿದ್ದರೆ ಕಿಲೋಗೆ ಸುಮಾರು 4 ಯೂನಿಟ್ ಶಾಖ. ಹಸಿಯದಕ್ಕೆ 2ರ ಆಸುಪಾಸು. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಬೇಕು. 'ಠಣ್' ಎಂದರೆ ಒಣಗಿದೆ, 'ದಬ್' ಎಂದರೆ ಇನ್ನೂ ಮರದಲ್ಲೇ ಇದೆ. ಕೊಯ್ದ ತುದಿಯಲ್ಲಿ ಸೀಳು ಬಿಟ್ಟಿರಬೇಕು. ತೇವ ಅಳೆಯುವ ಮೀಟರು ಇದ್ದರೆ ಹೊರಮೈಗೆ ಚುಚ್ಚಿ ಪ್ರಯೋಜನವಿಲ್ಲ, ತುಂಡನ್ನು ಸೀಳಿ ಹೊಸ ಮುಖಕ್ಕೆ ಚುಚ್ಚಬೇಕು.

ಒಲೆಯ ಬಾಯಿಯನ್ನೂ ಮೊದಲೇ ಅಳೆದಿಟ್ಟುಕೊಳ್ಳಬೇಕು. 30 ಸೆಂಟಿಮೀಟರಿನ ಒಲೆಗೆ 50 ಸೆಂಟಿಮೀಟರಿನ ಸೌದೆ ಎರಡು ಟನ್ ಬಂದು ಬಿದ್ದರೆ ಆ ಚಳಿಗಾಲದಲ್ಲಿ ಮೈ ಬಿಸಿಯಾಗುವುದು ಗರಗಸದಿಂದಲೇ. ಸಂಜೆ ಐದು ಗಂಟೆ ಕಾಲ ಉರಿಸಿದರೆ, ಗಂಟೆಗೆ 2 ಕಿಲೋದಂತೆ ದಿನಕ್ಕೆ 10. ಐದು ತಿಂಗಳಿಗೆ ಒಂದೂವರೆ ಟನ್. ಬೆಳಗ್ಗೆಯೇ ಹೊತ್ತಿಸುವ ಮನೆಗೆ ಇದರ ಎರಡರಷ್ಟಾದರೂ ಬೇಕು.

ಮರಗಳಲ್ಲಿ 'ಅಝೀನ್ಯು' ಎಂಬ ಓಕ್ ಜಾತಿಯದೇ ರಾಜ: ಕಬ್ಬಿಣದಂಥ ಭಾರ, ರಾತ್ರಿಯಿಡೀ ನಿಲ್ಲುವ ಕೆಂಡ. ಒಣಗಲು ಎರಡು ಬೇಸಿಗೆ ಬೇಕು. ತನ್ನ ಜಮೀನಿನಲ್ಲಿದ್ದರೂ, ನಮ್ಮಲ್ಲಿ ಬೀಟೆಗಿರುವ ಹಾಗೆ, ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕಾರ್ಕ್ ಓಕ್‌ಗೂ ಅದೇ ಕಟ್ಟಳೆ. ನೀಲಗಿರಿಯನ್ನು ಹಸಿಯಿರುವಾಗಲೇ ಸೀಳಿಬಿಡಬೇಕು, ಒಣಗಿದ ಮೇಲೆ ಕೊಡಲಿಗೇ ಬುದ್ಧಿ ಹೇಳುತ್ತದೆ. ಪೈನ್ ಹೊತ್ತಿಸಲು ಮಾತ್ರ; ಅದರ ಒಣ ಕಾಯಿ ಎರಡು ಇದ್ದರೆ ಸೀಮೆಎಣ್ಣೆಯ ಹಂಗಿಲ್ಲ.

ಒಟ್ಟುವ ಕ್ರಮವನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ: ನೆಲಕ್ಕೆ ತಾಗದಂತೆ ಅಡಿಗೆ ಮರದ ಪಟ್ಟಿ, ತಲೆಯ ಮೇಲಷ್ಟೇ ಹೊದಿಕೆ, ಪಕ್ಕಗಳಲ್ಲಿ ಗಾಳಿ. ಇಡೀ ರಾಶಿಗೆ ಟಾರ್ಪಾಲು ಸುತ್ತಿದರೆ ಸೌದೆಯ ಬದಲು ಅಣಬೆ ಸಿಗುತ್ತದೆ. ಬೇಸಿಗೆಯಲ್ಲಿ ರಾಶಿಯನ್ನು ಮನೆಯ ಗೋಡೆಗೆ ಒರಗಿಸಬಾರದು. ಪೆದ್ರೋಗಾವ್ ಗ್ರಾಂದೆಯ ಕಡೆ 2017ರ ಜೂನಿನಲ್ಲಿ ಕಾಡ್ಗಿಚ್ಚಿಗೆ 66 ಜನ ಸತ್ತ ಸೀಮೆ ಇದು.

ಹೊತ್ತಿಸುವಾಗ ನಮ್ಮ ಬಚ್ಚಲೊಲೆಯ ಅಭ್ಯಾಸ ತಲೆಕೆಳಗಾಗಬೇಕು. ದಪ್ಪ ತುಂಡು ಅಡಿಗೆ, ಸಣ್ಣದು ಅದರ ಮೇಲೆ, ಪೈನ್ ಕಾಯಿ ತುತ್ತತುದಿಗೆ. ಬೆಂಕಿ ಮೇಲಿನಿಂದ ಕೆಳಗಿಳಿಯುತ್ತದೆ, ಹೊಗೆ ಕಡಿಮೆ. ಗಾಳಿಯ ಕಿಂಡಿ ಪೂರ್ತಿ ತೆರೆದಿರಬೇಕು. ರಾತ್ರಿಯಿಡೀ ಉಳಿಯಲಿ ಎಂದು ಮಲಗುವಾಗ ಸೌದೆ ತುಂಬಿ ಕಿಂಡಿ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಉಸಿರುಗಟ್ಟಿದ ಬೆಂಕಿ ಹೊಗೆಕೊಳವೆಗೆ ಡಾಂಬರಿನಂಥ ಜಿಗುಟು ಬಳಿಯುತ್ತದೆ. ಒಂದು ದಿನ ಅದೇ ಹೊತ್ತಿಕೊಂಡು ಕೊಳವೆ ಗುಡುಗುತ್ತದೆ. ವರ್ಷಕ್ಕೊಮ್ಮೆಯಾದರೂ, ಚಳಿಗೆ ಮುಂಚೆ, ಕೊಳವೆಯೊಳಗೆ ಬ್ರಷ್ ಆಡಿಸಲೇಬೇಕು. ಒಲೆಯ ಗಾಜು ಕಪ್ಪಾದರೆ ಒದ್ದೆ ಪತ್ರಿಕೆಗೆ ಬೂದಿ ಹಚ್ಚಿ ಉಜ್ಜಿದರೆ ಸಾಕು. ಬೂದಿಯಲ್ಲಿ ಪಾತ್ರೆ ತಿಕ್ಕಿದ ಮನೆಯವರು ಇದಕ್ಕೆಂದು ಬಾಟಲಿ ಕೊಳ್ಳುವುದಿಲ್ಲ. ತೆಗೆದ ಬೂದಿ ಮುಚ್ಚಳದ ಕಬ್ಬಿಣದ ಬಕೆಟ್ಟಿಗೇ ಹೋಗಬೇಕು. ಎರಡು ದಿನದ ಮೇಲೂ ಅದರೊಳಗೆ ಕೆಂಡ ಕಣ್ಣು ಬಿಟ್ಟುಕೊಂಡಿರುತ್ತದೆ.

ಇಷ್ಟಾದರೂ ಮಧ್ಯಾಹ್ನ ಕಾಲು ಗಂಟೆ ಕಿಟಕಿಗಳನ್ನೆಲ್ಲ ತೆರೆದು ತೇವವನ್ನು ಆಚೆ ಹಾಕಬೇಕು. ಆ ಹೊತ್ತಿಗೆ ಊರಿನ ಹಿರಿಯರು ದಕ್ಷಿಣದ ಬಿಸಿಲು ಬೀಳುವ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾರೆ. ಆ ಜಾಗಕ್ಕೆ 'ಸುಅಲ್ಯೇಯ್ರು' ಎಂದು ಹೆಸರು. ಬಿಸಿಲು ಬೀಳುವ ತಾಣ ಎಂದೂ ಅರ್ಥ, ಕೂತು ಪರರ ಸುದ್ದಿ ಆಡುವ ಗುಂಪು ಎಂದೂ ಅರ್ಥ. ಯಾರ ಸೌದೆ ಒಣಗಿದ್ದು, ಯಾರು ತೂಕದಲ್ಲಿ ಕೈ ಮಾಡುತ್ತಾರೆ ಎಂಬುದು ಇಲ್ಲಿ ಸಿಗುವಷ್ಟು ನಿಖರವಾಗಿ ಬೇರೆಲ್ಲೂ ಸಿಗದು. ನಾಲ್ಕು ಮಾತು ಪೋರ್ಚುಗೀಸು ಕಲಿತಿರಬೇಕು, ಅಷ್ಟೆ. ನಾಲ್ಕೂವರೆಗೆ ಬಿಸಿಲು ಗೋಡೆಯಿಂದ ಇಳಿಯುತ್ತದೆ. ಕೋಟಿನ ಗುಂಡಿ ಹಾಕಿಕೊಂಡು ಎಲ್ಲರೂ ಒಳಗೆ ಹೋಗುತ್ತಾರೆ, ಒಂದೊಂದೇ ಚಿಮಣಿ ಉಸಿರಾಡತೊಡಗುತ್ತದೆ. ಯಾವ ಮನೆಯದು ದಟ್ಟ ಬಿಳಿ ಹೊಗೆಯೋ, ಆ ಮನೆಯವರು ಈ ವರ್ಷ ಹಸಿ ಸೌದೆ ಕೊಂಡಿದ್ದಾರೆ. ನಾಳೆ ಮಧ್ಯಾಹ್ನದ ಮಾತಿಗೆ ಅವರೇ.