ಸಿಮೆಂಟೂ ನಮ್ಮ ಕಡೆಯದು, ಅದನ್ನು ಹೊರುವವರೂ ನಮ್ಮವರು

ಹಬ್ಬ ಮುಗಿಸಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆ. ಯಾದಗಿರಿಯಲ್ಲಿ ಗಂಡ ಹೆಂಡತಿ, ಎರಡು ಮಕ್ಕಳು ಹತ್ತಿದರು. ಜೊತೆಗೆ ಒಂದು ಚೀಲ ಜೋಳದ ಹಿಟ್ಟು. "ಎಲ್ಲಿಗೆ ಅಣ್ಣಾ?" ಅಂದೆ. "ಬೆಂಗಳೂರಿಗ್ರೀ, ಬಿಲ್ಡಿಂಗ್ ಕೆಲಸಕ್ಕ." ನಮ್ಮ ಕಡೆ ಇದಕ್ಕೆ ಗುಳೆ ಹೋಗುವುದು ಅನ್ನುತ್ತೇವೆ. ಮೊದಲು ಅವರು ಊರ ಕಡೆಯೇ ಗುತ್ತಿಗೆ ಮೇಲೆ ಸಿಮೆಂಟ್ ಚೀಲ ಲೋಡ್ ಮಾಡುತ್ತಿದ್ದರಂತೆ. ಈಗ ಬೆಂಗಳೂರಲ್ಲಿ ಅಂಥದ್ದೇ ಚೀಲ ಇಳಿಸುತ್ತಾರೆ, ಕೂಲಿ ಜಾಸ್ತಿ.

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಕಾರ್ಖಾನೆ ಇಲ್ಲ, ಅದಕ್ಕೇ ಬಡತನ ಅಂತ ಸುಮ್ನೆ ಹೇಳಿಬಿಡುತ್ತಾರೆ. ಯಾಕಿಲ್ಲ? ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಇದೆ. ಶಕ್ತಿನಗರದಲ್ಲಿ 1985ರಿಂದ ಕರೆಂಟ್ ತಯಾರಾಗುತ್ತಿದೆ. ಹಟ್ಟಿಯಲ್ಲಿ ಚಿನ್ನವೇ ಇದೆ. ಆದರೆ ಸುಣ್ಣದಕಲ್ಲು ಅಗೆದು, ಸುಟ್ಟು, ಪುಡಿ ಮಾಡಿ ವ್ಯಾಗನ್‌ಗೆ ತುಂಬಿದರೆ ಅಲ್ಲಿಗೆ ಮುಗಿಯಿತು, ಅದು ದೊಡ್ಡ ಯಂತ್ರ, ಕಡಿಮೆ ಜನದ ಕೆಲಸ, ಸುತ್ತ ನಾಲ್ಕು ವರ್ಕ್‌ಶಾಪ್ ಹುಟ್ಟುವುದೂ ಕಷ್ಟ.

ಬೆಂಗಳೂರಿಗೆ ಸಿಕ್ಕಿದ್ದು ಬೇರೆ ಥರದ ಕಾರ್ಖಾನೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1905ಕ್ಕೇ ಶಿವನಸಮುದ್ರದ ಕರೆಂಟ್ ಬಂತು. 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ), 1940ರಲ್ಲಿ ವಿಮಾನದ ಎಚ್‌ಎಎಲ್, ಆಮೇಲೆ ಟೆಲಿಫೋನ್ ಮಾಡುವ ಐಟಿಐ, ಯಂತ್ರ ಮತ್ತು ವಾಚಿನ ಎಚ್‌ಎಂಟಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ಇವಕ್ಕೆ ಬಿಡಿಭಾಗ ಮಾಡಿಕೊಡಲು ಸಣ್ಣ ಶೆಡ್‌ಗಳು ಎದ್ದವು, ಲೇತ್ ಕಲಿತವರ ಮಕ್ಕಳು ಎಂಜಿನಿಯರ್ ಆದರು, ಸಾಫ್ಟ್‌ವೇರ್ ಕಂಪನಿಗಳು ಬರುವ ಹೊತ್ತಿಗೆ ಓದಿದ ಜನ ಅಲ್ಲೇ ಇದ್ದರು. ನಾವು ಆಗ ನಿಜಾಮನ ರಾಜ್ಯದ ಒಂದು ಮೂಲೆಯಲ್ಲಿದ್ದೆವು. ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಸೇರಿದ ಮೇಲೂ ಅಂಥ ಕಾರ್ಖಾನೆ ನಮ್ಮ ಕಡೆಗೆ ಯಾಕೆ ಬರಲಿಲ್ಲ ಅನ್ನುವುದೇ ನನ್ನ ಸಿಟ್ಟು.

ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕು ಹಿಂದುಳಿದಿವೆ ಅಂತ ಲೆಕ್ಕ ಕೊಟ್ಟಿತು. ಅತ್ಯಂತ ಹಿಂದುಳಿದ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ನಮ್ಮ ಕಡೆಯವರಿಗೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಒಳ್ಳೆಯದಾಯಿತು, ಅದರಿಂದ ಸೀಟು ಸಿಕ್ಕ ಮಕ್ಕಳು ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ಓದಿದ ಮೇಲೆ ಅವರು ಹತ್ತುವುದೂ ಇದೇ ರೈಲು, ಅಲ್ವಾ? ಎಲ್ಲರಿಗೂ ಸರ್ಕಾರಿ ನೌಕರಿ ಸಿಗುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಇನ್ನೊಂದು ಸಿಮೆಂಟ್ ಕಾರ್ಖಾನೆಗೆ ಜಮೀನು ಕೊಟ್ಟು ಅದನ್ನೇ ಅಭಿವೃದ್ಧಿ ಅನ್ನಬೇಡಿ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು, ಸಿಕ್ಕಿದೆ. ದಾಲ್ ಮಿಲ್ಲುಗಳೂ ಇವೆ. ಆ ಮಿಲ್ಲಿಗೆ ಬೇಕಾದ ಯಂತ್ರವನ್ನು ಕಲಬುರಗಿಯ ಡಿಪ್ಲೊಮಾ ಹುಡುಗರು ಕಲಬುರಗಿಯಲ್ಲೇ ಮಾಡಲಿ. ಅದಕ್ಕೆ ಅಚ್ಚು, ಉಪಕರಣ ಮಾಡುವ ಟೂಲ್ ರೂಮ್, ಸಾಲ, ಮೊದಲ ಐದು ವರ್ಷ ಸರ್ಕಾರದ ಆರ್ಡರ್, ಇಷ್ಟು ಕೊಡಿ.