ಬೋಂಡ ಹೋಗಿ ಮಖಾನ ಬಂತು ಡುಂ ಡುಂ

ನಮ್ಮ ಆಫೀಸಿನ ಮೂರನೇ ಮಹಡಿಯಲ್ಲಿ, ಕ್ಯಾಂಟೀನ್ ಭಟ್ಟರು ಸಂಜೆ ನಾಲ್ಕೂವರೆಗೆ ಬಾಣಲೆ ಇಡುತ್ತಿದ್ದ ಜಾಗದಲ್ಲಿ ಈಗ ಒಂದು ಗಾಜಿನ ಬೀರು ನಿಂತಿದೆ. ಒಳಗೆ ಬಿಳೀ ಬೆಳಕು, ಸಾಲುಸಾಲಾಗಿ ಸುರುಳಿ ತಂತಿ, ತಂತಿಯ ಹೊಟ್ಟೆಯೊಳಗೆ ಪ್ಯಾಕೆಟ್ಟು. ನೋಡಿದಾಗಲೆಲ್ಲ ನನಗೆ ಐಸಿಯು ನೆನಪಾಗುತ್ತದೆ. ಗಾಜಿನಾಚೆ ಎಲ್ಲವೂ ಕಾಣುತ್ತದೆ, ಯಾವುದನ್ನೂ ಮುಟ್ಟುವ ಹಾಗಿಲ್ಲ.

ಇದು ಆರೋಗ್ಯದ ಮಷೀನು, ಅಂದರೆ ದುಡ್ಡು ಕಟ್ಟಿ ಗುಂಡಿ ಒತ್ತಿದರೆ 'ಆರೋಗ್ಯಕರ' ತಿಂಡಿ ಉದುರಿಸುವ ಯಂತ್ರ. ಟೇಪು ಕತ್ತರಿಸಿ, ಕೈ ತಟ್ಟಿ, ಗ್ರೂಪ್ ಫೋಟೋ ತೆಗೆದು ಉದ್ಘಾಟನೆ ಆಯಿತು. 'ನಿಮ್ಮ ಆರೋಗ್ಯವೇ ನಮ್ಮ ಆದ್ಯತೆ' ಎಂಬ ಮೇಲ್ ಕೂಡ ಬಂತು. ಬಂದದ್ದು ರಾತ್ರಿ ಹನ್ನೊಂದು ನಲವತ್ತಕ್ಕೆ. ಐದು ನಿಮಿಷದಲ್ಲಿ ಹದಿನಾಲ್ಕು ಜನ 'ಥ್ಯಾಂಕ್ಯೂ, ಗ್ರೇಟ್ ಇನಿಷಿಯೇಟಿವ್' ಎಂದು ಉತ್ತರಿಸಿದ್ದರು. ಅಂದರೆ ಹದಿನಾಲ್ಕು ಜನ ಆ ಹೊತ್ತಿನಲ್ಲೂ ಲ್ಯಾಪ್‌ಟಾಪ್ ಮುಂದೆಯೇ ಇದ್ದರು. ಹದಿನೈದನೆಯವನು ನಾನು.

ನಮ್ಮ ಆಫೀಸನ್ನು ಮಾತ್ರ ಅಂದರೆ ತಪ್ಪಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯವೇ 2019ರ ಜೂನ್‌ನಲ್ಲಿ ತನ್ನ ಸಭೆಗಳಿಂದ ಬಿಸ್ಕತ್ತನ್ನು ಗಡೀಪಾರು ಮಾಡಿ ಹುರಿಗಡಲೆ, ಖರ್ಜೂರ, ಬಾದಾಮಿ, ಅಕ್ರೋಟು ಕೊಡಿ ಎಂದು ಸುತ್ತೋಲೆ ಹೊರಡಿಸಿತ್ತು. ಬಿಸ್ಕತ್ತಿಗಿಂತ ಬಾದಾಮಿ ಒಳ್ಳೆಯದು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಬಿಸ್ಕತ್ತಾದರೆ ಚಹಾದಲ್ಲಿ ಅದ್ದಿ ಹತ್ತು ನಿಮಿಷ ಕಳೆಯಬಹುದು. ಅಕ್ರೋಟನ್ನು ಅದ್ದಿಕೊಂಡು ಕೂತರೆ ಪಕ್ಕದವರು ಏನಂದುಕೊಳ್ಳುತ್ತಾರೆ?

ಆಮೇಲೆ 2025ರ ಜೂನ್‌ನಲ್ಲಿ ಅದೇ ಸಚಿವಾಲಯ ಎಲ್ಲ ಇಲಾಖೆಗಳಿಗೂ ಪತ್ರ ಬರೆಯಿತು. ಕಚೇರಿಗಳಲ್ಲಿ ಎಣ್ಣೆ, ಸಕ್ಕರೆ ಎಷ್ಟಿದೆ ಎಂದು ತೋರಿಸುವ ಬೋರ್ಡು ಹಾಕಿ ಎಂದು. ಸುದ್ದಿಮನೆಗಳಿಗೆ ಅಷ್ಟು ಸಾಕಾಯಿತು. ಸಮೋಸ, ಜಿಲೇಬಿಗೆ ಸಿಗರೇಟು ಪ್ಯಾಕಿನಂಥ ಎಚ್ಚರಿಕೆ ಬರುತ್ತದಂತೆ ಎಂದು ಎರಡು ದಿನ ದೇಶವೇ ಗುಲ್ಲೆದ್ದಿತು. ಕೊನೆಗೆ ಸರ್ಕಾರ, 'ಇಲ್ಲಪ್ಪಾ, ನಾವು ಯಾವ ತಿಂಡಿಯ ಹೆಸರನ್ನೂ ಎತ್ತಿಲ್ಲ' ಎಂದು ಸ್ಪಷ್ಟನೆ ಕೊಡಬೇಕಾಯಿತು. ಇಷ್ಟರಲ್ಲಿ ಪತ್ರದ ಅಸಲು ವಿಷಯ ಯಾರೂ ಓದಲಿಲ್ಲ. 2021ರಲ್ಲಿ 18 ಕೋಟಿಯಷ್ಟಿದ್ದ ಮಿತಿಮೀರಿದ ತೂಕದ ವಯಸ್ಕರು 2050ಕ್ಕೆ 44.9 ಕೋಟಿ ಆಗಬಹುದು ಎಂಬ ಅಂದಾಜು ಅದರಲ್ಲಿತ್ತು. ಮೆಟ್ಟಿಲು ಹತ್ತಿ, ಎದ್ದು ಓಡಾಡಿ, ನಡುನಡುವೆ ಸ್ವಲ್ಪ ಕೈಕಾಲು ಆಡಿಸಿ ಎಂಬ ಮಾತೂ ಇತ್ತು.

ಮೆಟ್ಟಿಲಿನ ವಿಚಾರ ನಮ್ಮ ಎಚ್ಚಾರ್ ಮೇಡಂ ಗಮನಕ್ಕೂ ಬಂದು, ಲಿಫ್ಟಿನ ಪಕ್ಕ 'ಮೆಟ್ಟಿಲು ಬಳಸಿ, ಹೃದಯ ಉಳಿಸಿ' ಎಂಬ ಪೋಸ್ಟರ್ ಅಂಟಿಸಿದ್ದಾರೆ. ಒಂದು ದಿನ ಹುಮ್ಮಸ್ಸಿನಲ್ಲಿ ಬಾಗಿಲು ತಳ್ಳಿದೆ. ಕುಂಯ್ಯೋ ಎಂದು ಅಲಾರಾಂ ಹೊಡೆದುಕೊಂಡಿತು. ಸೆಕ್ಯುರಿಟಿಯವರು ಓಡಿ ಬಂದು, "ಸಾರ್, ಇದು ಬೆಂಕಿ ಬಿದ್ರೆ ಮಾತ್ರ" ಅಂದರು. ಹೃದಯ ಉಳಿಸಿಕೊಳ್ಳಲು ಬೆಂಕಿಗೆ ಕಾಯುವುದು ನನ್ನ ಜಾಯಮಾನವಲ್ಲ. ಲಿಫ್ಟಿನಲ್ಲೇ ಇಳಿದೆ.

ಮಷೀನಿನ ಹತ್ತಿರ ಹೋಗೋಣ. ಬಿ-4ರಲ್ಲಿ ರಾಗಿ ಚಿಪ್ಸ್. ಮುಂದುಗಡೆ ತೆನೆಯ ಚಿತ್ರ, ಪಂಚೆ ಉಟ್ಟ ರೈತನ ನಗು. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಣೆಗೇರಿಸಿ ಓದಿದೆ: ಅಕ್ಕಿ ಹಿಟ್ಟು, ತಾಳೆ ಎಣ್ಣೆ, ಜೋಳದ ಪಿಷ್ಟ, ನಾಲ್ಕನೆಯದಾಗಿ ರಾಗಿ, ಶೇ 11. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿದ್ದದ್ದು ಮೊದಲು ಎಂಬ ಕ್ರಮದಲ್ಲೇ ಬರೆಯಬೇಕೆಂಬುದು ಕಾನೂನು. ಹಾಗಾಗಿ ರಾಗಿ ಇಲ್ಲಿ ಮದುವೆಗೆ ಬಂದ ನಾಲ್ಕನೇ ಸೋದರಮಾವನ ಹಾಗೆ. ಫೋಟೋದಲ್ಲಿ ಮುಂದೆ ನಿಂತಿದೆ, ಖರ್ಚಿನಲ್ಲಿ ಕಾಣಿಸುವುದಿಲ್ಲ.

ಸಿ-2ರಲ್ಲಿರುವ ಬಾರ್ ಮೇಲೆ 'ಸಕ್ಕರೆ ಸೇರಿಸಿಲ್ಲ' ಎಂದು ದಪ್ಪಕ್ಷರ. ಸೇರಿಸಿಲ್ಲ, ನಿಜ. ಬೆಲ್ಲ ಸೇರಿಸಿದ್ದಾರೆ, ಖರ್ಜೂರದ ಪಾಕ ಸೇರಿಸಿದ್ದಾರೆ. ನಮ್ಮ ಮನೆಯಲ್ಲಿ ಅಂಥದ್ದಕ್ಕೆ ಉಂಡೆ ಅನ್ನುತ್ತಿದ್ದೆವು. ಚೌಕ ಮಾಡಿ ಬೆಳ್ಳಿ ಕಾಗದ ಸುತ್ತಿದರೆ ಅದು ಎನರ್ಜಿ.

ಇಂಥದ್ದಕ್ಕೆಲ್ಲ ಪೊಟ್ಟಣದ ಮುಂದೆಯೇ ಸ್ಪಷ್ಟ ಎಚ್ಚರಿಕೆ ಇರಲಿ ಎಂದು ಜನ ಕೇಳಿದರೆ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರ ಕರಡಿನಲ್ಲಿ ಕೊಡಲು ಹೊರಟದ್ದು ನಕ್ಷತ್ರ. ಅತ್ಯುತ್ತಮ ತಿನಿಸಿಗೆ ಐದು, ಅತಿ ಕೆಟ್ಟದ್ದಕ್ಕೆ ಅರ್ಧ. ಸೊನ್ನೆ ಇಲ್ಲವೇ ಇಲ್ಲ! ನಾನು ಓದಿದ ಕಾಲದಲ್ಲಿ ಇಂಥ ಮೇಷ್ಟ್ರು ಸಿಕ್ಕಿದ್ದರೆ ಗಣಿತದಲ್ಲಿ ನನ್ನ ಗತಿಯೇ ಬೇರೆ ಇರುತ್ತಿತ್ತು.

ಡಿ-7 ಮಖಾನ. ಬಿಹಾರದ ಕೆರೆಗಳಲ್ಲಿ ಬೆಳೆಯುವ ಗಿಡದ ಬೀಜ ಹುರಿದು ಅರಳಿಸಿದ ಒಳ್ಳೆಯ ಪದಾರ್ಥ, ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ 30 ಗ್ರಾಂಗೆ 70 ರೂಪಾಯಿ. ಕೆ.ಜಿ. ಲೆಕ್ಕ ಹಾಕಿದರೆ 2,300 ದಾಟುತ್ತದೆ. ಭಟ್ಟರು ಎರಡು ಆಲೂಗಡ್ಡೆ ಬೋಂಡಕ್ಕೆ 20 ರೂಪಾಯಿ ತೆಗೆದುಕೊಂಡು, ಕೇಳದೇ ಚಟ್ನಿ ಸುರಿದು, "ಮಗಳ ರಿಸಲ್ಟ್ ಏನಾಯ್ತು ಸ್ವಾಮಿ?" ಅಂತಲೂ ವಿಚಾರಿಸುತ್ತಿದ್ದರು. ಮಷೀನು ಕೇಳುವುದು ಯುಪಿಐ ಪಿನ್ ಒಂದನ್ನೇ.

ಕಳೆದ ತಿಂಗಳು ಡಿ-7 ಒತ್ತಿದೆ. ಫೋನು ಟಿಣ್ ಅಂದಿತು, 70 ರೂಪಾಯಿ ಹೋಯಿತು. ಸುರುಳಿ ತಿರುಗಿತು, ಪ್ಯಾಕೆಟ್ಟು ಮುಂದೆ ಬಂದು, ಬಗ್ಗಿ, ಮೂಲೆಯಲ್ಲಿ ಸಿಕ್ಕಿಕೊಂಡು ನೇತಾಡತೊಡಗಿತು. ತಟ್ಟಿದೆ. ಅಲ್ಲಾಡಿಸಿದೆ. ಅಕೌಂಟ್ಸಿನವರು ಇಬ್ಬರು ಬಂದು ಹೆಗಲು ಕೊಟ್ಟರು. ತೇರು ಎಳೆದ ಹಾಗೆ ಮೂವರೂ 'ಐಸಾ' ಎಂದು ನೂಕಿದೆವು. ಬೀಳಲಿಲ್ಲ. ನನ್ನ ಕೈಗಡಿಯಾರ ಮಾತ್ರ 'ಶಹಬ್ಬಾಸ್, ಇಂದಿನ ವ್ಯಾಯಾಮದ ಗುರಿ ತಲುಪಿದ್ದೀರಿ' ಎಂದಿತು. ಹೀಗೆ ನೋಡಿದರೆ ಮಷೀನು ಹೇಳಿದ ಕೆಲಸ ಮಾಡುತ್ತಿದೆ.

ಗೇಟಿನ ಹೊರಗೆ ಒಬ್ಬಳು ಅಜ್ಜಿ ಬಿದಿರು ಬುಟ್ಟಿಯಲ್ಲಿ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಕೂರುತ್ತಾಳೆ. ಮೇಲೆ ಒದ್ದೆ ಗೋಣಿತಾಟು, ಅದರ ಸಂದಿಯಿಂದ ಹಬೆ. ಪಕ್ಕದಲ್ಲಿ ನಾಲ್ಕು ಸೌತೆಕಾಯಿ, ಉಪ್ಪುಖಾರದ ಡಬ್ಬಿ. ಕರಿದದ್ದಿಲ್ಲ, ಪ್ಲಾಸ್ಟಿಕ್ಕಿಲ್ಲ, ಹಳೇ ಪೇಪರಿನ ಪೊಟ್ಟಣ. ನಮ್ಮ ಮಷೀನಿನಲ್ಲಿ ಒಂದು ಪ್ರೋಟೀನ್ ಬಾರ್ ಇದೆ, 120 ರೂಪಾಯಿ. ಅದರ ಪದಾರ್ಥಗಳಲ್ಲಿ ಮೊದಲನೇ ಹೆಸರು ಕಡಲೆಕಾಯಿ. ಬಡವರ ಬಾದಾಮಿ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಬರುವಷ್ಟರಲ್ಲಿ ಸಾಹುಕಾರ ಆಗಿರುತ್ತದೆ.

ಬಸವನಗುಡಿಯಲ್ಲಿ ಕಾರ್ತಿಕದ ಕೊನೆ ಸೋಮವಾರ ಪರಿಷೆಯನ್ನೇ ಮಾಡಿ ದೊಡ್ಡ ಬಸವಣ್ಣನಿಗೆ ಅರ್ಪಿಸುವ ಕಾಯಿ ಇದು. ಆದರೆ ಆಫೀಸಿನ ಗೇಟಿನಿಂದ ಐವತ್ತು ಅಡಿಯೊಳಗೆ ಕೂತರೆ ನೈರ್ಮಲ್ಯಕ್ಕೆ ಧಕ್ಕೆಯಂತೆ. ವಾರಕ್ಕೊಮ್ಮೆ ಎಬ್ಬಿಸುತ್ತಾರೆ. ಅವಳು ಬುಟ್ಟಿ ಎತ್ತಿಕೊಂಡು ಅರಳಿಕಟ್ಟೆಯ ತನಕ ಹೋಗಿ, ಅರ್ಧ ಗಂಟೆ ಬಿಟ್ಟು ವಾಪಸ್ ಬರುತ್ತಾಳೆ. ದಿನಕ್ಕೆ ಎಷ್ಟು ಹೆಜ್ಜೆ ಆಗುತ್ತದೋ, ನಮ್ಮ ವೆಲ್‌ನೆಸ್ ಆ್ಯಪ್‌ನಲ್ಲಿ ಅವಳ ಹೆಸರಿದ್ದಿದ್ದರೆ ಪ್ರತಿ ತಿಂಗಳೂ ಕೂಪನ್ ಗೆಲ್ಲುತ್ತಿದ್ದಳು.

ನಮ್ಮ ಹೊಟ್ಟೆ ಬೆಳೆದದ್ದು ಭಟ್ಟರ ಬೋಂಡದಿಂದಲೇ ಎಂದು ತೀರ್ಮಾನವಾಗಿಬಿಟ್ಟಿದೆ. ಇರಬಹುದು, ಎಣ್ಣೆ ಎಣ್ಣೆಯೇ, ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಇನ್ನೂ ಕೆಟ್ಟದ್ದು. ಆದರೆ ಬೋಂಡ ತಿನ್ನಲು ನಾನು ಎದ್ದು, ನಡೆದು, ನಿಂತು, ಮಾತಾಡಿ ಬರುತ್ತಿದ್ದೆ. ಉಳಿದ ಹೊತ್ತೆಲ್ಲ ಕುರ್ಚಿ. ನಾರಾಯಣ ಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ ಮಾತಿನಲ್ಲಿ ಅದು 90ಕ್ಕೆ ಏರಿತು. ನಮ್ಮ ರಾಜ್ಯದಲ್ಲೇ ಐಟಿಯವರ ದಿನವನ್ನು 14 ಗಂಟೆ ಮಾಡುವ ಪ್ರಸ್ತಾವ 2024ರಲ್ಲಿ, ಚೌಕಾಸಿ ಮಾಡಿದ ಹಾಗೆ 12 ಗಂಟೆಯದ್ದು 2025ರಲ್ಲಿ ಎದ್ದು, ನೌಕರರ ಸಂಘದವರು ಬೀದಿಗಿಳಿದರು. ಇದರ ಜೊತೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕೂರುವ ಹೊತ್ತು ಉಚಿತ. ಈ ಕುರ್ಚಿಗೊಂದು ಎಚ್ಚರಿಕೆ ಬೋರ್ಡು ಹಾಕಿ ಎಂದು ಇದುವರೆಗೆ ಯಾವ ಸುತ್ತೋಲೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊನ್ನೆ ವಿದೇಶಿ ಕ್ಲೈಂಟ್ ಬಂದಿದ್ದರು. ಅವರ ಮುಂದೆ ಮಖಾನ ಇಡಲಿಲ್ಲ. ಹೊರಗಿನಿಂದ ಬಿಸಿ ಸಮೋಸ, ಮೈಸೂರು ಪಾಕು ತರಿಸಿದರು. ಅತಿಥಿ ದೇವೋ ಭವ, ಕೊಲೆಸ್ಟ್ರಾಲ್ ನೌಕರರಿಗೆ ಮಾತ್ರ.

ನಿನ್ನೆ 'ಆರೋಗ್ಯಕರ ಜೀವನಶೈಲಿ' ಎಂಬ ಉಪನ್ಯಾಸ ಇತ್ತು. ಎಲ್ಲರೂ ಕಡ್ಡಾಯ. ಸಮಯ ಮಧ್ಯಾಹ್ನ ಒಂದರಿಂದ ಎರಡು, ಅಂದರೆ ಊಟದ ಹೊತ್ತು. ಹೊತ್ತು ಹೊತ್ತಿಗೆ ಊಟ ಮಾಡುವುದು ಎಷ್ಟು ಮುಖ್ಯ ಎಂಬುದನ್ನು ತಜ್ಞರು ನಲವತ್ತು ಸ್ಲೈಡಿನಲ್ಲಿ ವಿವರಿಸಿದರು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ನಾನು ಎದ್ದು ನಿಂತೆ.

"ಮೇಡಂ, ಸಂಜೆ ಆರಕ್ಕೆ ಮನೆಗೆ ಹೋಗಬಹುದಾ?"

ಎಚ್ಚಾರ್ ಮೇಡಂ ನಕ್ಕರು. "ಒಳ್ಳೇ ಪಾಯಿಂಟ್ ಸರ್. ಆದರೆ ಅದು ಈ ಸೆಷನ್ನಿನ ವ್ಯಾಪ್ತಿಗೆ ಬರಲ್ಲ."

ಹಸಿವು ತಡೆಯಲಾಗದೆ ಮಷೀನಿಗೆ ಹೋದೆ. ನನ್ನ ಮಖಾನ ಇನ್ನೂ ಅಲ್ಲೇ ನೇತಾಡುತ್ತಿತ್ತು. ಅದರ ಹಿಂದಿನದಕ್ಕೆ ಇನ್ನೊಂದು 70 ರೂಪಾಯಿ ಕಟ್ಟಿ ಡಿ-7 ಒತ್ತಿದೆ. ಸುರುಳಿ ತಿರುಗಿತು. ಹಿಂದಿನದು ಮುಂದಿನದನ್ನು ನೂಕಿತು. ಈಗ ಎರಡೂ ನೇತಾಡುತ್ತಿವೆ.