ಅಕ್ಕ ನಾಲ್ಕು, ತಮ್ಮ ಐದು

2018ರ ಏಪ್ರಿಲ್ 23ರಂದು ಲಂಡನ್ನಿನಲ್ಲಿ ಒಂದು ಗಂಡು ಮಗು ಹುಟ್ಟಿತು. ರಾಣಿ ಎಲಿಜಬೆತ್ ಮೊಮ್ಮಗ ವಿಲಿಯಂನ ಮಗ, ಹೆಸರು ಲೂಯಿ. ಅವನ ಅಕ್ಕ ಷಾರ್ಲೆಟ್‌ಗೆ ಮೂರು ವರ್ಷ ತುಂಬಲು ಆಗ ಒಂಬತ್ತು ದಿನ ಬಾಕಿ. ಹಿಂದಿನ ದಿನ ಅವಳು ಬ್ರಿಟನ್ನಿನ ಸಿಂಹಾಸನದ ಸರದಿಯಲ್ಲಿ ನಾಲ್ಕನೆಯವಳು. ಮರುದಿನವೂ ನಾಲ್ಕನೆಯವಳೇ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದನ್ನೇ ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. ತಮ್ಮ ಬಂದರೂ ಅಕ್ಕ ಹಿಂದೆ ಸರಿಯಬೇಕಾಗಲಿಲ್ಲ!

ಇದು ಸುಮ್ನೆ ಆದದ್ದಲ್ಲ. ಒಬ್ಬ ಹುಡುಗಿ ನಿಂತಲ್ಲೇ ನಿಂತಿರಲಿ ಅಂತ ಹದಿನಾರು ದೇಶಗಳು ಸುಮಾರು ಮೂರೂವರೆ ವರ್ಷ ಬೆವರು ಸುರಿಸಿದ್ದವು.

ಎಲಿಜಬೆತ್ ಆಗ ಹದಿನಾರು ದೇಶಗಳಿಗೆ ರಾಣಿ. 2011ರ ಅಕ್ಟೋಬರ್ 28ರಂದು ಆ ದೇಶಗಳ ಮುಖ್ಯಸ್ಥರು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಸೇರಿ ಒಂದು ತೀರ್ಮಾನಕ್ಕೆ ಬಂದರು. ಇನ್ನು ಮುಂದೆ ಗಂಡು ಹೆಣ್ಣು ಅಂತ ನೋಡುವುದು ಬೇಡ, ಮೊದಲು ಹುಟ್ಟಿದವರಿಗೆ ಮೊದಲ ಜಾಗ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮವರಿಗೆ ಇದು ಯಾವತ್ತೋ ಗೊತ್ತಿದ್ದ ನಿಯಮ. ಆದರೆ ಇಲ್ಲಿ ಸೀಟು ಒಂದು, ಬಸ್ಸು ಹದಿನಾರು. ಒಂದು ದೇಶ ಕಾನೂನು ಬದಲಿಸಿ ಇನ್ನೊಂದು ಬದಲಿಸದಿದ್ದರೆ, ಮುಂದೊಂದು ದಿನ ಲಂಡನ್ನಿನಲ್ಲಿ ಅಕ್ಕ ರಾಣಿ, ಕೆನಡಾದ ಒಟ್ಟಾವಾದಲ್ಲಿ ತಮ್ಮ ರಾಜ ಆಗಿಬಿಡಬಹುದು. ಹಾಗಾಗಿ ಜಮೈಕಾದಿಂದ ಟುವಾಲುವರೆಗೆ ಎಲ್ಲರೂ ಹೂಂ ಅನ್ನಬೇಕಾಯಿತು. ಟುವಾಲುವಿನ ಒಟ್ಟು ಜನಸಂಖ್ಯೆ ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಆರು ರಾಜ್ಯಗಳ ಶಾಸನಸಭೆಗಳೂ ಬೇರೆ ಬೇರೆಯಾಗಿ ಕೂತು ಮಸೂದೆ ಪಾಸು ಮಾಡಿದವು. ಕೆನಡಾದಲ್ಲಿ ಇಬ್ಬರು ಕಾನೂನು ಪ್ರಾಧ್ಯಾಪಕರು ಪ್ರಾಂತ್ಯಗಳನ್ನು ಕೇಳಲೇ ಇಲ್ಲ ಅಂತ ಕೇಸು ಹಾಕಿದರು. ಅದು ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋಗಿ 2020ರಲ್ಲಿ ನಿಂತಿತು.

ಇಷ್ಟೆಲ್ಲ ಓಡಾಡಿದ್ದು ಯಾಕೆ ಗೊತ್ತಾ? ವಿಲಿಯಂ ದಂಪತಿಗೆ ಮೊದಲನೆಯದು ಹೆಣ್ಣಾಗಿಬಿಟ್ಟರೆ ಅಂತ. 2013ರ ಜುಲೈನಲ್ಲಿ ಹುಟ್ಟಿದ್ದು ಗಂಡು.

ಆದರೂ ಪಟ್ಟು ಬಿಡಲಿಲ್ಲ. 2015ರ ಮಾರ್ಚ್ 26ರಂದು ಕಾಯ್ದೆ ಜಾರಿಗೆ ಬಂತು. ಐದು ವಾರ ಕಳೆದು ಷಾರ್ಲೆಟ್ ಹುಟ್ಟಿದಳು. ಲಿಂಗ ಸಮಾನತೆ ಅರಮನೆಯೊಳಗೆ ಕಾಲಿಟ್ಟಿತು ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಗೆ ಬಂದದ್ದು ಹೊಸಿಲು ದಾಟಿ ಹೊರಗೆ ಹೋಗದಂತೆ ನೋಡಿಕೊಂಡರೆ ಆಯಿತು. ಆ ಮನೆಯ ಅಕ್ಕ ತಮ್ಮ ಈಗ ಸರಿಸಮಾನರು. ಹೊರಗಿರುವ ಸುಮಾರು ಏಳು ಕೋಟಿ ಜನರೂ ಸಮಾನರೇ, ಅವರಲ್ಲಿ ಯಾರಿಗೂ ನಂಬರ್ ಇಲ್ಲ.

ಕಾನೂನಿನಲ್ಲಿ ಒಂದು ಸಣ್ಣಕ್ಷರದ ಸಾಲೂ ಇದೆ. ಪರ್ತ್ ತೀರ್ಮಾನದ ದಿನದವರೆಗೆ ಹುಟ್ಟಿದ ತಮ್ಮಂದಿರು ಅಕ್ಕಂದಿರ ಮುಂದೆಯೇ ಇರುತ್ತಾರೆ, ಅವರಿಗೆ ಈ ಸಮಾನತೆ ಅನ್ವಯಿಸುವುದಿಲ್ಲ. 1952ರಲ್ಲಿ ಎಲಿಜಬೆತ್ ಮಗಳು ಆ್ಯನ್ ರಾಜಕುಮಾರಿ ಎರಡನೇ ನಂಬರ್. ಆಮೇಲೆ ತಮ್ಮಂದಿರು ಹುಟ್ಟಿದರು, ಅವರಿಗೆ ಮಕ್ಕಳು, ಮೊಮ್ಮಕ್ಕಳು. ಈಗ ಆ್ಯನ್ ಹದಿನೈದರ ಆಚೆ ಎಲ್ಲೋ ಇದ್ದಾರೆ. ಅವರ ಕಿರಿಯ ತಮ್ಮ ಎಡ್ವರ್ಡ್ ಮನೆಯಲ್ಲೂ ಅದೇ ಕಥೆ: 2003ರಲ್ಲಿ ಹುಟ್ಟಿದ ಮಗಳ ಮುಂದೆ 2007ರಲ್ಲಿ ಹುಟ್ಟಿದ ಮಗ. ಸಮಾನತೆಗೂ ಕಟ್ ಆಫ್ ಡೇಟ್ ಇರುತ್ತದೆ, ಅಲ್ವಾ?

ಮದುವೆಯ ವಿಷಯವೂ ಸ್ವಾರಸ್ಯವಾಗಿದೆ. ಸರದಿಯ ಮೊದಲ ಆರು ಜನ ರಾಜರ ಒಪ್ಪಿಗೆ ಪಡೆದೇ ಮದುವೆಯಾಗಬೇಕು, ಇಲ್ಲವಾದರೆ ನಂಬರ್ ಹೋಗುತ್ತದೆ. ಏಳನೆಯವರಿಗೆ ಯಾರ ಅಪ್ಪಣೆಯೂ ಬೇಡ. ಪ್ರೇಮಕ್ಕೆ ಅಪಾಯ ಆರರವರೆಗೆ ಮಾತ್ರ.

ಇನ್ನು ಧರ್ಮ. ಸಿಂಹಾಸನಕ್ಕೆ ಬರುವವರು ಕ್ಯಾಥೊಲಿಕ್ ಆಗಿರುವಂತಿಲ್ಲ. 1689ರ ಕಾನೂನಿನ ಪ್ರಕಾರ ಅಂಥವರನ್ನು 'ಸಹಜವಾಗಿ ಸತ್ತವರು' ಅಂತ ಲೆಕ್ಕ ಹಾಕಿ ಮುಂದಿನವರನ್ನು ಕರೆಯಬೇಕು. ಬದುಕಿದ್ದವರನ್ನು ಕಾಗದದ ಮೇಲೆ ಸಾಯಿಸುವ ವಿದ್ಯೆಯಲ್ಲಿ ನಮ್ಮ ಶಾನುಭೋಗರೇ ನಿಸ್ಸೀಮರು ಅಂದುಕೊಂಡಿದ್ದೆ. ಅಲ್ಲಿ ಕ್ಯಾಥೊಲಿಕ್ಕರನ್ನು ಮದುವೆಯಾದರೂ ಸಾವೇ ಇತ್ತು. ಕೆಂಟ್‌ನ ಮೈಕೆಲ್ ರಾಜಕುಮಾರ 1978ರಲ್ಲಿ ಹಾಗೆ ಮದುವೆಯಾಗಿ ಸರದಿಯಿಂದ ಸತ್ತರು. 2015ರಲ್ಲಿ ಹೊಸ ಕಾಯ್ದೆ ಬಂದಾಗ ಮತ್ತೆ ಜೀವ ಬಂತು. ಅಷ್ಟರಲ್ಲಿ ಮುಂದೆ ನಲವತ್ತಕ್ಕೂ ಹೆಚ್ಚು ಜನ ಸೇರಿದ್ದರು.

ಈ ಲೆಕ್ಕದಲ್ಲೇ ಈಗಿನ ಮನೆತನ ಬಂದದ್ದು. 1701ರಲ್ಲಿ ಪಾರ್ಲಿಮೆಂಟು ಪ್ರಾಟೆಸ್ಟೆಂಟ್ ನೆಂಟರನ್ನು ಹುಡುಕುತ್ತಾ ಹೊರಟಿತು. ರಕ್ತಸಂಬಂಧದಲ್ಲಿ ಹತ್ತಿರವಿದ್ದ ಐವತ್ತಕ್ಕೂ ಹೆಚ್ಚು ಕ್ಯಾಥೊಲಿಕ್ಕರನ್ನು ದಾಟಿಕೊಂಡು ಜರ್ಮನಿಯ ಹ್ಯಾನೋವರಿನ ಸೋಫಿಯಾ ಎಂಬ ಹಿರಿಯ ಹೆಂಗಸಿನ ಮನೆ ಬಾಗಿಲು ತಟ್ಟಿತು. ಪಾಪ, ಆಕೆ ಕಾದದ್ದೂ ಕಾದದ್ದೇ. 1714ರ ಜೂನಿನಲ್ಲಿ ತೋಟದಲ್ಲಿ ಅಡ್ಡಾಡುವಾಗ ಮಳೆ ಬಂತು, ಕುಸಿದು ಬಿದ್ದು ತೀರಿಕೊಂಡರು. ಸುಮಾರು ಎರಡು ತಿಂಗಳಿಗೆ ಲಂಡನ್ನಿನ ರಾಣಿಯೂ ಹೋದರು. ಇಂಗ್ಲಿಷ್ ಸರಿಯಾಗಿ ಬಾರದ ಮಗ ಜಾರ್ಜ್ ಬಂದು ಬ್ರಿಟನ್ನಿನ ರಾಜನಾದ.

ಆ ಜಾರ್ಜನ ಮರಿಮೊಮ್ಮಗನ ಮಗ ನಾಲ್ಕನೇ ಜಾರ್ಜ್ ಆಳುತ್ತಿದ್ದಾಗಲೇ, 1824ರಲ್ಲಿ, ಕಂಪನಿ ಸರ್ಕಾರದವರು ಕಿತ್ತೂರಿಗೆ ಬಂದು ದತ್ತುಮಗನಿಗೆ ಪಟ್ಟ ಕೊಡಲಾಗದು ಎಂದದ್ದು. ಐವತ್ತು ಜನರನ್ನು ಸರಿಸಿ ಪಾರ್ಲಿಮೆಂಟು ರಾಜನನ್ನು ತರಬಹುದು, ಕಿತ್ತೂರಿನವರು ಒಬ್ಬ ಹುಡುಗನನ್ನು ದತ್ತು ತಗೊಂಡರೆ ವಂಶಕ್ಕೆ ಧಕ್ಕೆ. ಚೆನ್ನಮ್ಮ ಕೊಟ್ಟ ಉತ್ತರ ನಿಮಗೆ ಗೊತ್ತು, ಕಲೆಕ್ಟರ್ ಥ್ಯಾಕರೆಗೂ ಗೊತ್ತಾಯಿತು.

ಪಕ್ಕದ ದೇಶಗಳಲ್ಲೂ ತಮಾಷೆಗೆ ಕೊರತೆಯಿಲ್ಲ. ಸ್ವೀಡನ್ನಿನ ಕಾರ್ಲ್ ಫಿಲಿಪ್ 1979ರ ಮೇನಲ್ಲಿ ಯುವರಾಜನಾಗಿಯೇ ಹುಟ್ಟಿದ. 1980ರ ಜನವರಿ 1ರಿಂದ ನಿಯಮ ಬದಲಾಗಿ ಪಟ್ಟ ಅಕ್ಕ ವಿಕ್ಟೋರಿಯಾ ಪಾಲಾಯಿತು. ಏಳೂವರೆ ತಿಂಗಳಿಗೆ, ತೊಟ್ಟಿಲಲ್ಲಿದ್ದಾಗಲೇ ಕೆಲಸ ಹೋಯಿತು, ನೋಟಿಸೂ ಇಲ್ಲ. ಮೊನಾಕೊದಲ್ಲಿ 2014ರಲ್ಲಿ ಅವಳಿ ಹುಟ್ಟಿದಾಗ ಹೆಣ್ಣು ಎರಡು ನಿಮಿಷ ಮೊದಲು ಬಂದಳು. ಪಟ್ಟ ಮಾತ್ರ ಗಂಡಿಗೆ. ಸ್ಪೇನಿನ ಸಂವಿಧಾನವಂತೂ ಓದಲೇಬೇಕು. ನಮ್ಮಲ್ಲಿಯಂತೆ ಅಲ್ಲೂ 14ನೇ ವಿಧಿಯೇ ಸಮಾನತೆಯದು: ಹುಟ್ಟು, ಲಿಂಗ ನೋಡಿ ಭೇದ ಮಾಡಬಾರದು. 57ನೇ ವಿಧಿಗೆ ಬಂದರೆ, ಪಟ್ಟ ಹುಟ್ಟಿನಿಂದ ಬರುತ್ತದೆ, ಗಂಡಿಗೆ ಮೊದಲು. ನಡುವೆ ನಲವತ್ತೆರಡು ವಿಧಿಗಳಿವೆ. ಓದುವಷ್ಟರಲ್ಲಿ ಮೊದಲಿನದು ಮರೆತುಹೋಗುತ್ತದೆ ಅಂತ ಇರಬೇಕು.

ಮತ್ತೆ ಲಂಡನ್ನಿಗೆ ಬಂದರೆ, 2025ರ ಅಕ್ಟೋಬರಿನಲ್ಲಿ ರಾಜ ಚಾರ್ಲ್ಸ್ ತಮ್ಮ ಆಂಡ್ರ್ಯೂನ ರಾಜಕುಮಾರ ಪದವಿ ಕಿತ್ತುಕೊಂಡರು. ಮನೆ ಖಾಲಿ ಮಾಡಿ ಅಂದರು. ಆದರೆ ಎಂಟನೇ ನಂಬರ್ ಹಾಗೇ ಉಳಿಯಿತು. ಅದನ್ನು ತೆಗೆಯಲು ಅಣ್ಣನ ಸಿಟ್ಟು ಸಾಲದು. ಪಾರ್ಲಿಮೆಂಟು ಕಾಯ್ದೆ ಮಾಡಬೇಕು, ಉಳಿದ ದೇಶಗಳು ಒಪ್ಪಬೇಕು. ಟುವಾಲುವನ್ನು ಮತ್ತೆ ಎಬ್ಬಿಸಬೇಕು.

2022ರ ಸೆಪ್ಟೆಂಬರಿನಲ್ಲಿ ಎಲಿಜಬೆತ್ ತೀರಿಕೊಂಡಾಗ ಚಾರ್ಲ್ಸ್ ಆ ಕ್ಷಣವೇ ರಾಜ. ನಮ್ಮಲ್ಲಿ ಪೌತಿ ಖಾತೆಗೆ ಅಲೆದವರಿಗೆ ಹೊಟ್ಟೆ ಉರಿಯುವ ವೇಗ. ತಾಯಿಯಿಂದ ಬಂದ ಆಸ್ತಿಗೆ ತೆರಿಗೆಯೂ ಇಲ್ಲ. ರಾಜರಿಂದ ರಾಜರಿಗೆ ಹೋಗುವುದಕ್ಕೆ ವಿನಾಯಿತಿ ಅಂತ 1993ರಲ್ಲೇ ಸರ್ಕಾರದ ಜೊತೆ ಒಪ್ಪಂದವಾಗಿದೆ. ಅದೇ ವಾರ ಅರಮನೆಯ ಜೇನು ಸಾಕುವವರು ತೋಟಕ್ಕೆ ಹೋಗಿ, ಜೇನುಪೆಟ್ಟಿಗೆಗಳಿಗೆ ಕಪ್ಪು ರಿಬ್ಬನ್ ಕಟ್ಟಿ, ಒಡತಿ ಹೋದರು, ಇನ್ನು ಹೊಸ ಒಡೆಯ ಅಂತ ಮೆಲ್ಲಗೆ ತಿಳಿಸಿದರು. ಹಳೇ ಸಂಪ್ರದಾಯವಂತೆ. ಪೆಟ್ಟಿಗೆಯೊಳಗೆ ಕೆಲಸದ ಹುಳುಗಳೇ ಯಾವುದೋ ಒಂದು ಮರಿಗೆ ರಾಜೋಪಚಾರದ ಊಟ ಕೊಟ್ಟು ರಾಣಿ ಮಾಡಿಕೊಳ್ಳುತ್ತವೆ. ಸುದ್ದಿ ಕೇಳಿ ಅವು ಏನಂದವೋ, ಯಾರೂ ವರದಿ ಮಾಡಲಿಲ್ಲ.